537 ಮತಗಳ ಗೆಲುವು ಮತ್ತು ಅರ್ಧ ನ್ಯಾಯ

ಅಮೆರಿಕದ 2000ದ ಅಧ್ಯಕ್ಷ ಚುನಾವಣೆಯಲ್ಲಿ ಜಾರ್ಜ್ ಬುಶ್ ಗೆದ್ದದ್ದು ಹೇಗೆ? ಈ ಪ್ರಶ್ನೆಗೆ ಎರಡು ಪ್ರಸಿದ್ಧ ಚಿತ್ರಗಳು ಉತ್ತರ ಹೇಳಲು ಯತ್ನಿಸಿವೆ. ಒಂದು, 2004ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗಳಿಸಿದ ಮೈಕೆಲ್ ಮೂರ್ ಅವರ ಸಾಕ್ಷ್ಯಚಿತ್ರ ‘ಫ್ಯಾರನ್‌ಹೀಟ್ 9/11’. ಇನ್ನೊಂದು, 2008ರಲ್ಲಿ ಎಚ್‌ಬಿಒ ವಾಹಿನಿ ಪ್ರಸಾರ ಮಾಡಿದ ಜೇ ರೋಚ್ ನಿರ್ದೇಶನದ ‘ರೀಕೌಂಟ್’, ಅಂದರೆ ಮರುಎಣಿಕೆ. ಎರಡೂ ನೋಡಲೇಬೇಕಾದ ಚಿತ್ರಗಳು. ಆದರೆ ಎರಡರಲ್ಲೂ ಒಂದು ಸಮುದಾಯದ ಸುದ್ದಿಯೇ ಇಲ್ಲ. ಬುಶ್ ಅವರನ್ನು ಗೆಲ್ಲಿಸಿದ್ದು ತಾವೇ ಎಂದು ಆಗ ಬೀಗಿದ ಅಮೆರಿಕದ ಮುಸ್ಲಿಮರು ಅಲ್ಲಿ ಕಾಣುವುದಿಲ್ಲ. ಈ ಚಿತ್ರಗಳನ್ನು ಇಂದು ಮತ್ತೆ ಚರ್ಚೆಗೆತ್ತಿಕೊಳ್ಳಲು ಅದೇ ಕಾರಣ.

ಮೊದಲು ಲೆಕ್ಕ ನೋಡೋಣ. ದೇಶದಾದ್ಯಂತ ಅಲ್ ಗೋರ್ ಅವರಿಗೆ ಬುಶ್‌ಗಿಂತ ಐದು ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದಿದ್ದವು. ಆದರೆ ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ಹಂಚಿಕೆಯಾದ ಎಲೆಕ್ಟೋರಲ್ ಮತಗಳು. ಗೆಲುವಿಗೆ 270 ಬೇಕು. ಫ್ಲೋರಿಡಾದ 25 ಮತಗಳು ಯಾರ ಪಾಲಾಗುತ್ತವೋ ಅವರೇ ಅಧ್ಯಕ್ಷರು ಎಂಬ ಸ್ಥಿತಿ ಬಂತು. ಅಲ್ಲಿ ಚಲಾವಣೆಯಾದ ಸುಮಾರು 60 ಲಕ್ಷ ಮತಗಳಲ್ಲಿ ಬುಶ್ ಮುಂದಿದ್ದುದು ಕೇವಲ 537ರಿಂದ. ಒಟ್ಟು ಫಲಿತಾಂಶ 271ಕ್ಕೆ 266.

ಇಷ್ಟು ಸಣ್ಣ ಅಂತರದ ಗೆಲುವಿಗೆ ಕಾರಣ ಹುಡುಕುವುದು ಸುಲಭ, ಒಂದನ್ನೇ ಆರಿಸುವುದು ಕಷ್ಟ. ಹಸಿರು ಪಕ್ಷದ ರಾಲ್ಫ್ ನೇಡರ್ ಫ್ಲೋರಿಡಾದಲ್ಲಿ 97 ಸಾವಿರಕ್ಕೂ ಹೆಚ್ಚು ಮತ ಪಡೆದರು. ಪಾಮ್ ಬೀಚ್ ಕೌಂಟಿಯ ಗೊಂದಲಮಯ ಮತಪತ್ರದಿಂದಾಗಿ, ಅಲ್ಲಿ ನೆಲೆಯೇ ಇಲ್ಲದ ಕಟ್ಟಾ ಬಲಪಂಥೀಯ ಪ್ಯಾಟ್ ಬುಕ್ಯಾನನ್ ಅವರಿಗೆ 3,407 ಮತಗಳು ಬಿದ್ದವು. ಪುಟ್ಟ ಬಾಲಕ ಎಲಿಯಾನ್‌ನನ್ನು ಕ್ಲಿಂಟನ್ ಸರಕಾರ ಕ್ಯೂಬಾಕ್ಕೆ ಮರಳಿಸಿದ್ದರಿಂದ ಮಯಾಮಿಯ ಕ್ಯೂಬನ್ನರು ಸಿಟ್ಟಾಗಿದ್ದರು. ಗೋರ್ ತಮ್ಮ ಸ್ವಂತ ರಾಜ್ಯ ಟೆನೆಸ್ಸಿಯನ್ನೇ ಕಳಕೊಂಡರು. ಅದೊಂದನ್ನು ಉಳಿಸಿಕೊಂಡಿದ್ದರೆ ಫ್ಲೋರಿಡಾದ ಗೊಡವೆಯೇ ಇರುತ್ತಿರಲಿಲ್ಲ. ಇವುಗಳಲ್ಲಿ ಯಾವುದನ್ನು ಕಾರಣವೆಂದರೂ ತಪ್ಪಲ್ಲ, ಯಾವುದೂ ಪೂರ್ತಿ ಸರಿಯಲ್ಲ.

‘ರೀಕೌಂಟ್’ ಆರಿಸಿಕೊಂಡಿರುವುದು ವಕೀಲರ ಕಥೆಯನ್ನು. ಗೋರ್ ಪರ ದುಡಿಯುವ ರಾನ್ ಕ್ಲೇನ್ ಪಾತ್ರದಲ್ಲಿ ಕೆವಿನ್ ಸ್ಪೇಸಿ ಇದ್ದಾರೆ. ಫ್ಲೋರಿಡಾದ ಚುನಾವಣಾ ಮುಖ್ಯಸ್ಥೆಯಾಗಿದ್ದುಕೊಂಡೇ ಬುಶ್ ಪ್ರಚಾರ ಸಮಿತಿಯ ಸಹ ಅಧ್ಯಕ್ಷೆಯೂ ಆಗಿದ್ದ ಕ್ಯಾಥರೀನ್ ಹ್ಯಾರಿಸ್ ಅವರನ್ನು ಲಾರಾ ಡರ್ನ್ ಮರೆಯಲಾಗದಂತೆ ಅಭಿನಯಿಸಿದ್ದಾರೆ. ಮತಪತ್ರದಿಂದ ಪೂರ್ತಿ ಕಳಚಿಕೊಳ್ಳದೆ ನೇತಾಡುವ ಕಾಗದದ ಚೂರನ್ನು ಬೆಳಕಿಗೆ ಹಿಡಿದು ನೋಡುವ ಅಧಿಕಾರಿಗಳು ನಗೆಯನ್ನೂ ಬೇಸರವನ್ನೂ ಒಟ್ಟಿಗೆ ಹುಟ್ಟಿಸುತ್ತಾರೆ. ಆದರೆ ಚಿತ್ರದ ತೀರ್ಮಾನ ಸರಳವಾಗಿಬಿಟ್ಟಿದೆ. ಬುಶ್ ಪಾಳಯದ ಜೇಮ್ಸ್ ಬೇಕರ್ ಇದನ್ನು ಬೀದಿ ಹೋರಾಟವೆಂದು ತಿಳಿದರು, ಗೋರ್ ಪಾಳಯದ ವಾರನ್ ಕ್ರಿಸ್ಟೋಫರ್ ಸಭ್ಯತೆ ಬಿಡಲಿಲ್ಲ, ಆದ್ದರಿಂದ ಸೋತರು ಎಂಬ ಧಾಟಿ ಅದರದು. ತಮ್ಮನ್ನು ಚಿತ್ರಿಸಿದ ಬಗೆಗೆ ಕ್ರಿಸ್ಟೋಫರ್ ಅವರೇ ಆಕ್ಷೇಪಿಸಿದ್ದರು.

ನಮಗೆ ಈ ವಿವರಣೆ ಒಪ್ಪಿಗೆಯಾಗುವುದಿಲ್ಲ. ಪ್ರತಿಯೊಂದು ಮತವನ್ನೂ ಎಣಿಸಬೇಕೆಂದು ಗೋರ್ ಬಳಗ ಬಾಯಲ್ಲಿ ಹೇಳಿತು. ಆದರೆ ಕೈ ಎಣಿಕೆಗೆ ಅರ್ಜಿ ಹಾಕಿದ್ದು 67 ಕೌಂಟಿಗಳ ಪೈಕಿ ತನ್ನ ಬೆಂಬಲಿಗರು ಹೆಚ್ಚಾಗಿದ್ದ ನಾಲ್ಕರಲ್ಲಿ ಮಾತ್ರ. ಇಡೀ ರಾಜ್ಯದ ಎಣಿಕೆಗೆ ಗೋರ್ ಬಹಿರಂಗವಾಗಿ ಸಿದ್ಧತೆ ತೋರಿಸಿದರಾದರೂ ಅದು ಕಾನೂನಿನ ಅರ್ಜಿಯಾಗಲಿಲ್ಲ. ಡಿಸೆಂಬರ್ 8ರಂದು ಫ್ಲೋರಿಡಾದ ಸುಪ್ರೀಂ ಕೋರ್ಟ್, ಯಂತ್ರವು ಮತವನ್ನೇ ಗುರುತಿಸದ ಪತ್ರಗಳನ್ನು ರಾಜ್ಯದಾದ್ಯಂತ ಎಣಿಸಲು ಆದೇಶಿಸಿತು. ಮರುದಿನವೇ ದೇಶದ ಸುಪ್ರೀಂ ಕೋರ್ಟ್ ತಡೆ ನೀಡಿತು. 12ರಂದು 5-4ರ ತೀರ್ಪಿನಿಂದ ಎಣಿಕೆಗೆ ಬಾಗಿಲು ಹಾಕಲಾಯಿತು. 2001ರಲ್ಲಿ ಪ್ರಮುಖ ಪತ್ರಿಕೆಗಳು ಸೇರಿ ತಿರಸ್ಕೃತ ಮತಪತ್ರಗಳನ್ನು ಪರಿಶೀಲಿಸಿದಾಗ ವಿಚಿತ್ರವೊಂದು ಗೋಚರಿಸಿತು. ಗೋರ್ ಕೇಳಿದ ನಾಲ್ಕು ಕೌಂಟಿಗಳಲ್ಲಿ ಮಾತ್ರ ಎಣಿಸಿದ್ದರೆ ಬುಶ್ ಅವರೇ ಗೆಲ್ಲುತ್ತಿದ್ದರು. ರಾಜ್ಯದ ಎಲ್ಲ ತಿರಸ್ಕೃತ ಮತಗಳನ್ನೂ ಎಣಿಸಿದ್ದರೆ ಕೂದಲೆಳೆಯ ಅಂತರದಲ್ಲಿ ಗೋರ್ ಗೆಲ್ಲುತ್ತಿದ್ದರು. ಎಲ್ಲರಿಗಾಗಿ ನ್ಯಾಯ ಕೇಳಿದ್ದರೆ ತನಗೂ ಅದು ದೊರೆಯುವ ಸಾಧ್ಯತೆಯಿತ್ತು. ತನ್ನ ಪಾಲನ್ನಷ್ಟೇ ಕೇಳಿದ್ದರಿಂದ ಅದೂ ಸಿಗುವಂತಿರಲಿಲ್ಲ.

ಆ ತಿರಸ್ಕೃತ ಮತಗಳು ಯಾರವು? ಅಮೆರಿಕದ ನಾಗರಿಕ ಹಕ್ಕುಗಳ ಆಯೋಗ 2001ರ ವರದಿಯಲ್ಲಿ ಇದಕ್ಕೆ ಉತ್ತರಿಸಿದೆ. ಫ್ಲೋರಿಡಾದ ಮತದಾರರಲ್ಲಿ ಕರಿಯರು ಸುಮಾರು ಶೇ. 11. ತಿರಸ್ಕೃತವಾದ 1.8 ಲಕ್ಷ ಮತಗಳಲ್ಲಿ ಅವರ ಪಾಲು ಸುಮಾರು ಶೇ. 54 ಎಂಬುದು ಆಯೋಗದ ಅಂದಾಜು. ಹಳೆಯ ಯಂತ್ರಗಳು ಬಡವರ ಬಡಾವಣೆಗಳಿಗೆ ಬಂದಿದ್ದವು. ಶಿಕ್ಷೆಗೊಳಗಾದ ಅಪರಾಧಿಗಳ ಹೆಸರು ತೆಗೆಯುವ ನೆಪದಲ್ಲಿ ತಯಾರಾದ ಪಟ್ಟಿಯಲ್ಲಿ, ಹೆಸರಿನ ಹೋಲಿಕೆಯಿಂದಾಗಿ ನಿರಪರಾಧಿಗಳೂ ಸೇರಿಕೊಂಡಿದ್ದರು. ‘ರೀಕೌಂಟ್’ ಈ ವಿಷಯವನ್ನು ಮುಟ್ಟಿ ಮುಂದೆ ಸಾಗುತ್ತದೆ. ವಕೀಲರ ಕೋಣೆಯಲ್ಲಿ ಅದಕ್ಕೆ ಹೆಚ್ಚು ಜಾಗವಿಲ್ಲ.

ಮೂರ್ ಅವರ ಚಿತ್ರ ಇಲ್ಲಿ ಮೇಲು. 2001ರ ಜನವರಿಯಲ್ಲಿ ಫಲಿತಾಂಶವನ್ನು ದೃಢೀಕರಿಸಲು ಸೇರಿದ ಸಂಸತ್ತಿನ ಜಂಟಿ ಸಭೆಯನ್ನು ಅದು ತೋರಿಸುತ್ತದೆ. ಕರಿಯ ಸಂಸದರು ಒಬ್ಬರಾದ ಮೇಲೊಬ್ಬರು ಎದ್ದು ಆಕ್ಷೇಪಿಸುತ್ತಾರೆ. ಆಗಿನ ನಿಯಮದ ಪ್ರಕಾರ ಒಬ್ಬ ಸೆನೆಟರ್‌ನ ಸಹಿ ಬೇಕಿತ್ತು. ನೂರು ಸೆನೆಟರ್‌ಗಳಲ್ಲಿ ಒಬ್ಬರೂ ಸಹಿ ಹಾಕುವುದಿಲ್ಲ. ಪೀಠದಲ್ಲಿದ್ದು ಆ ಆಕ್ಷೇಪಗಳನ್ನು ತಳ್ಳಿಹಾಕುವವರು ಸ್ವತಃ ಅಲ್ ಗೋರ್! ಯಾವ ವ್ಯಾಖ್ಯಾನವೂ ಬೇಡದ ದೃಶ್ಯವಿದು. ಆದರೆ ಮೂರ್ ಅವರಿಗೂ ಒಂದು ದೌರ್ಬಲ್ಯವಿದೆ. ಗೋರ್ ಗೆಲ್ಲುತ್ತಿದ್ದರೆಂಬ ಎಣಿಕೆಯನ್ನು ಮುಂದಿಡುವ ಚಿತ್ರ, ಗೋರ್ ಕೇಳಿದಂತೆ ಎಣಿಸಿದ್ದರೆ ಅವರೇ ಸೋಲುತ್ತಿದ್ದರೆಂಬ ಭಾಗವನ್ನು ಹೇಳುವುದಿಲ್ಲ. ಪ್ರಿಯವಾದ ಸತ್ಯವನ್ನಷ್ಟೇ ಹೇಳುವುದು ಅರ್ಧ ಸಾಕ್ಷ್ಯ.

ಇನ್ನು ಎರಡೂ ಚಿತ್ರಗಳು ಹೇಳದ ಕಥೆ. 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಭಯೋತ್ಪಾದನಾ ವಿರೋಧಿ ಕಾನೂನಿನ ಬಳಿಕ, ಆರೋಪಿಗೆ ತೋರಿಸದ ರಹಸ್ಯ ಸಾಕ್ಷ್ಯದ ಬಲದಿಂದ ವಲಸಿಗರನ್ನು ಬಂಧಿಸಿಡುವ ವಿಚಾರ ಅಲ್ಲಿನ ಮುಸ್ಲಿಮರ ದೊಡ್ಡ ಅಳಲಾಗಿತ್ತು. ಫ್ಲೋರಿಡಾದ ಟ್ಯಾಂಪಾದಲ್ಲಿದ್ದ ಫೆಲೆಸ್ತೀನ್ ಮೂಲದ ಮಾಝೆನ್ ಅಲ್ ನಜ್ಜಾರ್ ಹೀಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು. 2000ದ ಅಕ್ಟೋಬರ್ 11ರ ಟಿವಿ ಚರ್ಚೆಯಲ್ಲಿ ಬುಶ್ ಈ ಪದ್ಧತಿಯನ್ನು ಟೀಕಿಸಿದರು. ಕೆಲವೇ ದಿನಗಳಲ್ಲಿ ಪ್ರಮುಖ ಮುಸ್ಲಿಮ್ ಸಂಘಟನೆಗಳ ರಾಜಕೀಯ ಒಕ್ಕೂಟ ಅವರಿಗೆ ಬೆಂಬಲ ಘೋಷಿಸಿತು. ಫಲಿತಾಂಶದ ಬಳಿಕ, ಫ್ಲೋರಿಡಾವನ್ನು ಗೆದ್ದುಕೊಟ್ಟದ್ದು ನಮ್ಮ ಮತ ಎಂದು ಮುಖಂಡರು ಹೇಳಿಕೊಂಡರು.

ಅಂತರ 537 ಆಗಿದ್ದಾಗ ಸಾವಿರ ಮತವಿರುವ ಯಾವ ಗುಂಪಾದರೂ ಹೀಗೆ ಹೇಳಬಹುದು. ನಾವು ಗಮನಿಸಬೇಕಾದದ್ದು ಬೇರೆಯೇ ಇದೆ. ಈ ತೀರ್ಮಾನ ಮುಖ್ಯವಾಗಿ ಅರಬ್ ಮತ್ತು ದಕ್ಷಿಣ ಏಷ್ಯಾ ಮೂಲದ ವಲಸಿಗ ಮುಸ್ಲಿಮರದ್ದಾಗಿತ್ತು. ಅದೇ ಮಸೀದಿಗಳಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಕರಿಯ ಮುಸ್ಲಿಮರಲ್ಲಿ ಬಹುಮಂದಿ ಗೋರ್ ಪರವಾಗಿದ್ದರು. ತಮ್ಮ ಮಾತನ್ನು ಕೇಳಲಿಲ್ಲವೆಂಬ ನೋವು ಅವರಲ್ಲಿ ಉಳಿಯಿತು. ಫ್ಲೋರಿಡಾದಲ್ಲಿ ಕರಿಯರ ಮತಗಳು ಕಸವಾದಾಗ, ಗೆಲುವಿನ ಸಂಭ್ರಮದಲ್ಲಿದ್ದ ಮುಖಂಡರಿಗೆ ಅದು ತಮ್ಮ ಪ್ರಶ್ನೆಯಾಗಿ ಕಾಣಲಿಲ್ಲ.

ಆಮೇಲಿನದ್ದು ಎಲ್ಲರಿಗೂ ತಿಳಿದದ್ದೇ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಕ್ಟೋಬರ್‌ನಲ್ಲಿ ಪೇಟ್ರಿಯಟ್ ಕಾಯ್ದೆ ಬಂತು. ಬಿಡುಗಡೆಯಾಗಿದ್ದ ಅಲ್ ನಜ್ಜಾರ್ ನವೆಂಬರ್‌ನಲ್ಲಿ ಮತ್ತೆ ಸೆರೆಯಾದರು, 2002ರಲ್ಲಿ ಗಡೀಪಾರಾದರು. ಗ್ವಾಂಟನಾಮೊ ತೆರೆಯಿತು. ಉತ್ತರ ಕೊರಿಯಾವೊಂದನ್ನು ಬಿಟ್ಟರೆ ಮುಸ್ಲಿಮ್ ಬಹುಸಂಖ್ಯಾತ ದೇಶಗಳ ಗಂಡಸರನ್ನೇ ಗುರಿಯಾಗಿಸಿದ ವಿಶೇಷ ನೋಂದಣಿಯಲ್ಲಿ 80 ಸಾವಿರಕ್ಕೂ ಹೆಚ್ಚು ಮಂದಿ ಕಚೇರಿಗಳ ಮುಂದೆ ನಿಂತರು. ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಗಡೀಪಾರಿನ ಕ್ರಮ ಶುರುವಾಯಿತು. 2003ರಲ್ಲಿ ಇರಾಕ್. ಮುಸ್ಲಿಮರ ಪರವಾಗಿ ಮೊದಲು ದನಿಯೆತ್ತಿದವರಲ್ಲಿ ಕರಿಯರ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಪಳಗಿದವರೂ ಇದ್ದರೆಂಬುದನ್ನು ಮರೆಯಬಾರದು.

ಇದರರ್ಥ ಗೋರ್‌ಗೆ ಮತ ಹಾಕಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂದಲ್ಲ. ರಹಸ್ಯ ಸಾಕ್ಷ್ಯದ ಕಾನೂನು ಅವರದೇ ಸರಕಾರದ ಕೊಡುಗೆ. 2024ರಲ್ಲಿಯೂ ಗಾಝಾದ ನೋವಿನಿಂದ ಮಿಶಿಗನ್‌ನ ಡಿಯರ್‌ಬಾರ್ನ್ ನಗರದ ಮತ ಮೂರು ಪಾಲಾಯಿತು. ಅಲ್ಲಿ ಹೆಚ್ಚು ಮತ ಪಡೆದದ್ದು 2017ರಲ್ಲಿ ಏಳು ಮುಸ್ಲಿಮ್ ಬಹುಸಂಖ್ಯಾತ ದೇಶಗಳ ಪ್ರಜೆಗಳಿಗೆ ಬಾಗಿಲು ಮುಚ್ಚಿದ್ದ ಟ್ರಂಪ್. ಅವರನ್ನು ದೂರುವುದು ಸುಲಭ. ಮನೆಯವರನ್ನು ಕಳಕೊಂಡವರಿಗೆ ಎರಡು ಕೆಡುಕುಗಳಲ್ಲಿ ಒಂದನ್ನು ಆರಿಸಿ ಎಂದು ಬುದ್ಧಿ ಹೇಳಲು ನಾವು ಯಾರು?

ಆದರೆ ಓಟ್ ಬ್ಯಾಂಕ್ ಎಂಬ ಮೂದಲಿಕೆಯನ್ನು ದಿನವೂ ಕೇಳುವ ನಮಗೆ ಈ ಕಥೆ ಪರಕೀಯವಲ್ಲ. ಮತವೆಂದರೆ ಸಾಕ್ಷ್ಯ ಎಂದು ನಮ್ಮ ಉಲಮಾಗಳು ಹೇಳುತ್ತಾ ಬಂದಿದ್ದಾರೆ. ಸಾಕ್ಷಿ ಹೇಳುವವನು ತನ್ನ ಗಾಯವನ್ನಷ್ಟೇ ತೋರಿಸಿ ಪಕ್ಕದವನ ಗಾಯಕ್ಕೆ ಕಣ್ಣು ಮುಚ್ಚಿಕೊಂಡರೆ ಅದು ಸಾಕ್ಷ್ಯವಾಗುವುದಿಲ್ಲ, ವ್ಯವಹಾರವಾಗುತ್ತದೆ. ಯಾರನ್ನು ಗೆಲ್ಲಿಸಿದೆವು ಎಂಬ ಲೆಕ್ಕಕ್ಕಿಂತ, ಯಾರ ಮತ ಎಣಿಕೆಗೇ ಬರಲಿಲ್ಲ ಎಂಬ ಪ್ರಶ್ನೆಯನ್ನು ಮೊದಲು ಕೇಳುವ ಸಮುದಾಯ ಸೋತರೂ ಒಂಟಿಯಾಗುವುದಿಲ್ಲ. ಫ್ಲೋರಿಡಾದ ಈ ಪಾಠವನ್ನು ಹೇಳುವ ಚಿತ್ರ ಇನ್ನೂ ಬರಬೇಕಾಗಿದೆ.