ತೋಳಮನುಷ್ಯನ ಶಾಪವೂ ರನ್ನನ ಮರುಳುಗಳೂ

ಆಂಗ್ಲದೇಶದ ಹ್ಯಾಮರ್ ಸಂಸ್ಥೆಯವರು 1961ರಲ್ಲಿ ಹೊರತಂದ ‘ದಿ ಕರ್ಸ್ ಆಫ್ ದಿ ವೇರ್‌ವುಲ್ಫ್’ ಎಂಬ ಚಿತ್ರಪಟವನ್ನು ಬರಿಯ ಭಯಾನಕ ವಿನೋದವೆಂದು ತಳ್ಳಿಬಿಡುವವರುಂಟು. ಮುಧೋಳ, ಬೀಳಗಿಗಳ ಕುರುಬನಿಗಂತೂ ತೋಳವೆಂದರೆ ಹಿಂಡಿನ ಮೇಲೆ ಬೀಳುವ ಮೃಗವೇ ಹೊರತು ಶಾಪಗ್ರಸ್ತನಾದ ಮನುಷ್ಯನಲ್ಲ. ಆದರೂ ಮನುಷ್ಯನಲ್ಲಿ ಮೃಗವು ಹೇಗೆ ಹುಟ್ಟುತ್ತದೆಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನನು ‘ಗದಾಯುದ್ಧ’ದಲ್ಲಿ ಅದನ್ನೇ ಎದುರಿಸಿದ್ದಾನೆ. ಆ ಕಾವ್ಯದ ಮಗ್ಗುಲಲ್ಲಿಟ್ಟು ನೋಡಿದರೆ ಈ ಚಿತ್ರದ ಗುಣವೂ ದೋಷವೂ ಸ್ಪಷ್ಟವಾಗಿ ತೋರುವುವು.

ಟೆರೆನ್ಸ್ ಫಿಶರನು ನಿರ್ದೇಶಿಸಿದ ಈ ಚಿತ್ರಕ್ಕೆ ಗೈ ಎಂಡೋರನ 1933ರ ಕಾದಂಬರಿ ಆಧಾರ. ಆದರೆ ಕಥೆಯನ್ನು ಪ್ಯಾರಿಸಿನಿಂದ ಹದಿನೆಂಟನೆಯ ಶತಮಾನದ ಸ್ಪೇನಿಗೆ ಒಯ್ದಿದ್ದಾರೆ. ಮಾರ್ಕ್ವಿಸನೆಂಬ ಪಾಳೆಯಗಾರನ ಮದುವೆಯ ಔತಣಕ್ಕೆ ಭಿಕ್ಷುಕನೊಬ್ಬನು ಬರುತ್ತಾನೆ. ಅವನನ್ನು ಸಾಕಿದ ಪ್ರಾಣಿಯಂತೆ ಆಡಿಸಿ, ಒಂದು ಮಾತಿನ ತಪ್ಪಿಗೆ ನೆಲಮಾಳಿಗೆಯ ಸೆರೆಗೆ ದೂಡಿ, ಮರೆತುಬಿಡುತ್ತಾರೆ. ವರುಷಗಳು ಕಳೆದಂತೆ ಅವನು ಮಾನವತ್ವವನ್ನು ನೀಗಿಕೊಂಡು ರೋಮಮಯವಾದ ಜಂತುವಾಗುತ್ತಾನೆ. ಮುದುಕನಾದ ಮಾರ್ಕ್ವಿಸನ ಕಾಮಕ್ಕೆ ಒಪ್ಪದ ಮೂಕ ಸೇವಕಿಯನ್ನು ಅದೇ ಸೆರೆಗೆ ನೂಕಲಾಗಿ, ಆ ಜಂತುವಿನಿಂದ ಅವಳ ಮಾನಭಂಗವಾಗುತ್ತದೆ. ಹೊರಬಂದವಳು ಮಾರ್ಕ್ವಿಸನನ್ನು ಇರಿದು ಕೊಂದು ಕಾಡಿಗೆ ಓಡುತ್ತಾಳೆ. ದಯಾಳುವಾದ ಗೃಹಸ್ಥನೊಬ್ಬನ ಮನೆಯಲ್ಲಿ ಗಂಡುಮಗುವನ್ನು ಹೆತ್ತು ಸಾಯುತ್ತಾಳೆ. ಇಲ್ಲಿಯವರೆಗೆ ತೋಳವೂ ಇಲ್ಲ, ಹುಣ್ಣಿಮೆಯೂ ಇಲ್ಲ. ಮನುಷ್ಯನನ್ನು ಮೃಗವಾಗಿಸಿದುದು ಅರಮನೆ. ಚಿತ್ರದ ಅತ್ಯಂತ ಭೀಕರವಾದ ಭಾಗವೂ ನನ್ನ ಮಟ್ಟಿಗೆ ಇದೇ.

ಮುಂದೆ ಧರ್ಮದ ಪ್ರವೇಶವಾಗುತ್ತದೆ. ಕೂಸು ಹುಟ್ಟಿದುದು ಕ್ರಿಸ್ತಜಯಂತಿಯಂದು. ಇಂಥ ಜನನವು ಆ ದಿನ ಆಗುವುದು ದೈವಕ್ಕೆ ಮಾಡಿದ ಅಪಮಾನವೆಂದು ಮನೆಯ ಸೇವಕಿಯು ಅಂಜುತ್ತಾಳೆ. ನಾಮಕರಣದ ವೇಳೆಗೆ ದೀಕ್ಷಾಪಾತ್ರೆಯ ಪವಿತ್ರೋದಕವು ಕಲಕುತ್ತದೆ. ಮಾರ್ಕ್ವಿಸನ ಪಾಪವು ಹೀಗೆ ಹಸುಳೆಯ ಜನ್ಮಮುಹೂರ್ತದ ಲೆಕ್ಕಕ್ಕೆ ಜಮೆಯಾಯಿತು! ಮೂಲಾನಕ್ಷತ್ರದಲ್ಲಿ ಹುಟ್ಟಿದ ಹೆಣ್ಣಿನ ಮೇಲೆ ಮನೆಯ ಕೇಡನ್ನೆಲ್ಲ ಹೊರಿಸುವ ನಮ್ಮವರಿಗೆ ಈ ನ್ಯಾಯವು ಅಪರಿಚಿತವಾದುದಲ್ಲ. ಪ್ರೇಮದಿಂದ ಶಾಪವು ತಗ್ಗೀತೆಂದು ಪಾದ್ರಿಯು ನುಡಿಯುತ್ತಾನೆ. ಆದರೆ ಬೆಳೆದ ಲಿಯೋನನು ಒಲಿದುದು ಒಡೆಯನ ಮಗಳನ್ನು, ತಾನೋ ಆ ಒಡೆಯನ ದ್ರಾಕ್ಷಾಮದ್ಯದ ಉಗ್ರಾಣದ ಕೂಲಿ. ಕಟ್ಟಕಡೆಗೆ ಬೆಳ್ಳಿಯ ಶಿಲುಬೆಯಿಂದ ಮಾಡಿದ ಗುಂಡಿನಿಂದ ಸಾಕುತಂದೆಯೇ ಅವನನ್ನು ಕೊಲ್ಲಬೇಕಾಗುತ್ತದೆ.

ರನ್ನನ ಭೀಮನೂ ದುಶ್ಶಾಸನನ ರಕ್ತವನ್ನು ಕುಡಿದವನೇ. ಆದರೆ ಆ ರೌದ್ರಕ್ಕೆ ಕವಿಯು ತೋರುವ ಕಾರಣ ತಿಥಿನಕ್ಷತ್ರವಲ್ಲ; ತುಂಬಿದ ಸಭೆಯಲ್ಲಿ ದ್ರೌಪದಿಯ ಮುಡಿಗೆ ಕೈಯಿಕ್ಕಿದ ಅನ್ಯಾಯ. ಅಮಾನುಷವು ರನ್ನನಲ್ಲಿಯೂ ಉಂಟು. ಸಂಜಯನೊಡನೆ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನು ರಣದ ಮರುಳುಗಳು ಮುಖದೆದುರಿಗೇ ಹಂಗಿಸುತ್ತವೆ; ಅವು ದೂರುವುದು ಆ ಹೆಣಗಳಿಗೆ ಕಾರಣನಾದ ಅರಸನನ್ನು. ಫಿಶರನ ಚಿತ್ರದಲ್ಲಿ ಕಲಕಿದ ನೀರು ದೂರುವುದು ತೊಟ್ಟಿಲ ಕೂಸನ್ನು. ಔತಣದ ಸಭೆಯಲ್ಲಿ ಕುಳಿತು ನಕ್ಕವರನ್ನು ಯಾವ ಶಕುನವೂ ಕೇಳುವುದಿಲ್ಲ. ಕಥೆಯ ಮೊದಲ ಭಾಗವು ಹೇಳಿದ ಸತ್ಯವನ್ನು ನಡುಭಾಗವು ಹೀಗೆ ನುಂಗಿಬಿಟ್ಟಿತು.

ಪೂರ್ತಿಯಾಗಿ ಅಲ್ಲವೆನ್ನಬೇಕು. ಲಿಯೋನನ ಪಾತ್ರವಹಿಸಿದ ಆಲಿವರ್ ರೀಡನು ಕಡೆಯಲ್ಲಿ ಸೆರೆಮನೆಯ ಕಂಬಿಗಳ ಹಿಂದೆ ನಿಂತಾಗ, ಹಿಂದೊಮ್ಮೆ ಹಾಗೆಯೇ ನಿಂತಿದ್ದ ಭಿಕ್ಷುಕನು ನೋಡುವವನ ಕಣ್ಣಿಗೆ ಮತ್ತೆ ಬರುತ್ತಾನೆ.