ಒಂದು ಡಾಲರಿನ ಗಡಿಯಾರ

ಈ ವಾರ ಹಾಯಿಬಟ್ಟೆಯ ಲೆಕ್ಕ ಕೊಡುತ್ತೇನೆಂದಿದ್ದೆ. ಕೊಡುವುದಿಲ್ಲ, ಹಗ್ಗದ ಮಾತು ಮೊದಲು ಆಗಬೇಕು.

'ನಮ್ಮೂರಲ್ಲಿ ಕೆರೆಗೇ ನೀರಿಲ್ಲ, ನಿಮ್ಮದು ಸಮುದ್ರದ ಪುರಾಣ' ಎಂದು ಜಗಳೂರಿನ ಗೆಳೆಯರು ಛೇಡಿಸುತ್ತಾರೆ. ಛೇಡಿಸಲಿ. ಚನ್ನಗಿರಿಯ ಸೂಳೆಕೆರೆ ನನಗೆ ಕಲಿಸಿದ್ದನ್ನೇ ಕಡಲೂ ಕಲಿಸುತ್ತಿತ್ತು, ಫೀಸು ಮಾತ್ರ ಜಾಸ್ತಿ. ನಾಲ್ಕು ಮೀಟರ್ ನೀರಿಗೆ ಎಂಟು ಮೀಟರ್ ಹಗ್ಗ ಬಿಟ್ಟು, ಲಂಗರು ಕೂತಿತೆಂದು ಬುತ್ತಿ ಬಿಚ್ಚಿದ್ದೆ. ಮಧ್ಯಾಹ್ನದ ಗಾಳಿ ಎದ್ದಿತು. ಎರಡನೇ ರೊಟ್ಟಿ ಮುಗಿಯುವಷ್ಟರಲ್ಲಿ ದೋಣಿ ಜೊಂಡಿನೊಳಗೆ. ಲಂಗರು ನೆಲ ಕಚ್ಚಬೇಕಾದರೆ ಹಗ್ಗ ಅದನ್ನು ಅಡ್ಡಡ್ಡ ಎಳೆಯಬೇಕು, ಮೇಲಕ್ಕೆತ್ತಬಾರದು. ಆಳದ ಐದರಿಂದ ಏಳು ಪಟ್ಟು ಬಿಡಬೇಕು: ನಾಲ್ಕು ಮೀಟರಿಗೆ 20ರಿಂದ 28. ಕಡಲಾದರೆ ಉಬ್ಬರದಲ್ಲಿ ಏರುವ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇದನ್ನು ಹೇಳಿದರೆ ಉಪಕರಣಪಂಥದವರು ನಗುತ್ತಾರೆ. ಅವರ ಪಟ್ಟಿಯಲ್ಲಿ ಮೊದಲು ಒಂದು ಪರದೆ, ಆಮೇಲೆ ಇನ್ನೊಂದು ಪರದೆ, ದುಡ್ಡು ಮಿಕ್ಕರೆ ಹಗ್ಗ. ಅವರಿಗೆ ನನ್ನ ಹಳೆಯ ಉತ್ತರ ಜೋಶುವಾ ಸ್ಲೋಕಮ್. ಬಯಲಲ್ಲಿ ಕೊಳೆಯುತ್ತ ಬಿದ್ದಿದ್ದ ದೋಣಿಯೊಂದು ಆತನಿಗೆ ಪುಕ್ಕಟೆ ಸಿಕ್ಕಿತು. 13 ತಿಂಗಳ ದುಡಿಮೆ, 553 ಡಾಲರ್ 62 ಸೆಂಟು ಖರ್ಚು, 'ಸ್ಪ್ರೇ' ನೀರಿಗಿಳಿಯಿತು. ಕ್ರೋನೋಮೀಟರ್ ರಿಪೇರಿಗೆ 15 ಡಾಲರ್ ಎಂದಾಗ ಅದನ್ನು ಮನೆಯಲ್ಲೇ ಬಿಟ್ಟ. ಯಾರ್ಮತ್‌ನಲ್ಲಿ ಒಂದೂವರೆ ಡಾಲರಿನ ತಗಡಿನ ಗಡಿಯಾರ ಕಂಡಿತು. ಅದರ ಮುಖ ಒಡೆದಿತ್ತು, ಅಂಗಡಿಯವ ಒಂದೇ ಡಾಲರಿಗೆ ಕೊಟ್ಟ. ಮುಂದೆ ಅದು ನಿಂತಾಗ ಬಿಸಿನೀರಲ್ಲಿ ಕುದಿಸಿ ನಡೆಸಿದ! 1895ರಲ್ಲಿ ಹೊರಟು 1898ಕ್ಕೆ ಒಬ್ಬನೇ ಭೂಮಿ ಸುತ್ತಿ ಬಂದ. ನಿಜ, ಚಂದ್ರನನ್ನು ನೋಡಿ ರೇಖಾಂಶ ಕಟ್ಟುವುದು ಆತನಿಗೆ ಗೊತ್ತಿತ್ತು. ಆ ವಿದ್ಯೆ ಒಂದು ಡಾಲರಿಗೆ ಸಿಗುವಂಥದ್ದಲ್ಲ.

ನಮಗೆ ಭೂಮಿ ಬೇಡ, ಗಂಗೊಳ್ಳಿಯಿಂದ ಮಲ್ಪೆ ಸಾಕು. ಸುಮಾರು 17 ನಾಟಿಕಲ್ ಮೈಲಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ನೆಲದ ಕಡೆಯ ಮೂಡಗಾಳಿ, ಮಧ್ಯಾಹ್ನಕ್ಕೆ ವಾಯವ್ಯದಿಂದ ಕಡಲಗಾಳಿ. ಎರಡೂ ತೆಂಕಣಕ್ಕೆ ಹೋಗುವವನ ಕಡೆಯವೇ. ಬಡಗಣಕ್ಕೆ ಹೊರಟವನು ಮಧ್ಯಾಹ್ನದ ಮೇಲೆ ಗಾಳಿಯ ಜೊತೆ ಜಗಳಕ್ಕೆ ನಿಲ್ಲಬೇಕು. ಅಪಾಯವಿರುವುದು ನಡುಗಡಲಲ್ಲಲ್ಲ, ಅಳಿವೆಯಲ್ಲಿ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಂದ ಬರುವ ಅಲೆ ಮರಳದಿಬ್ಬದ ಮೇಲೆ ಎದ್ದು ಒಡೆಯುತ್ತದೆ. ಉಬ್ಬರ ತುಂಬುವ ಹೊತ್ತಿಗೆ ದಾಟಿ. ಕಾಪುವಿನ ದೀಪಸ್ತಂಭ ಪಕ್ಕಕ್ಕೆ ಬಂದರೆ ಮಲ್ಪೆ ಹಿಂದುಳಿಯಿತೆಂದೇ ತಿಳಿಯಿರಿ. ಅದು ಅಲ್ಲಿ ನಿಂತಿರುವುದು 1901ರಿಂದ, ಚಾರ್ಜೂ ಬೇಕಿಲ್ಲ.

ಆಳ ನೋಡುವುದಕ್ಕೆ? ಹೊನ್ನಾಳಿಯಲ್ಲಿ ಹರಿಗೋಲಿನವರು ತುಂಗಭದ್ರೆಗೆ ಗಳ ಇಳಿಸುತ್ತಾರೆ. ಕಡಲಿಗೆ ಗಳ ಸಾಲದು. ಸೀಸದ ಗುಂಡು, ಗಂಟು ಹಾಕಿದ ದಾರ. ಗುಂಡಿನ ತಳದ ಗುಳಿಗೆ ಗ್ರೀಸು ಮೆತ್ತಿದರೆ ಕೆಳಗಿರುವುದು ಮರಳೋ ಕೆಸರೋ ಅದೇ ಮೇಲೆ ತರುತ್ತದೆ. ನನ್ನ ಗುಂಡನ್ನು ನ್ಯಾಮತಿಯ ಗುಜರಿಯಲ್ಲಿ ತೂಕಕ್ಕೆ ಕೊಂಡೆ. ಅಂಗಡಿಯವರು ಎರಡು ಸಲ ಕೇಳಿದರು, 'ಮೀನಿಗಾ ಸಾರ್?'

ಹಾಯಿಬಟ್ಟೆ ಮುಂದಿನ ವಾರ, ಹಗ್ಗದ ಬಾಕಿ ತೀರಿದ್ದರೆ.