ಕಂಬಳಿಯ ಮೇಲಿನ ಮದುವೆ: ರಸಿಕರಿಗೊಂದು ಕೈಪಿಡಿ

"ಮುಗೀತಾ ಮೇಷ್ಟ್ರೇ? ಇಷ್ಟೇನಾ?"

ಮಂತ್ರ ಮಾಂಗಲ್ಯದ ಮದುವೆಗೆ ಮೊದಲ ಸಲ ಬಂದವರಲ್ಲಿ ಒಬ್ಬರಾದರೂ ಹೀಗೆ ಕೇಳದೆ ಇರುವುದಿಲ್ಲ. ಕೇಳುವುದು ತಪ್ಪೇನಲ್ಲ. ನಸುಕಿಗೇ ಎದ್ದು, ಬಸ್ಸು ಬದಲಿಸಿ, ಮೊಳಕಾಲ್ಮೂರಿನ ಬಿಸಿಲಿಗೆ ಬಂದಿಳಿದವರಿಗೆ ಅರ್ಧ ಗಂಟೆಯೊಳಗೆ ಎಲ್ಲ ಮುಗಿದುಹೋದರೆ ಏನೋ ಕಳಕೊಂಡ ಹಾಗಾಗುತ್ತದೆ. ಹೋಮದ ಹೊಗೆ ಇಲ್ಲ, ಓಲಗ ಇಲ್ಲ, ಗಟ್ಟಿಮೇಳದ ಕೂಗಿಲ್ಲ. ಯಾರೋ ಒಬ್ಬ ಮೇಷ್ಟ್ರು ತೆಳ್ಳನೆಯ ಪುಸ್ತಕ ಹಿಡಿದು ಓದಿದ, ಗಂಡು ಹೆಣ್ಣು ಏನೋ ಹೇಳಿದರು, ಹಾರ ಹಾಕಿಕೊಂಡರು, ಎಲೆ ಹಾಕಿದರು. ಆ ಮೇಷ್ಟ್ರು ನಾನೇ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹೊಲದಲ್ಲಿ, ಶಾಲೆಯ ಅಂಗಳದಲ್ಲಿ, ಹುಣಸೆ ತೋಪಿನಲ್ಲಿ ಇಂಥ ಮದುವೆಗಳನ್ನು ನಡೆಸಿಕೊಡುತ್ತಾ ನನಗೆ ತಿಳಿದದ್ದು ಇಷ್ಟು: ನಿರಾಸೆಪಡುವವರು ಇದನ್ನು ನೋಡಲು ಬಂದಿರುತ್ತಾರೆ. ಇದು ಕೇಳುವ ಮದುವೆ.

ಕಲ್ಯಾಣ ಮಂಟಪದಲ್ಲಿ ನಾವು ಏನನ್ನು ಕೇಳುತ್ತೇವೆ, ಯೋಚಿಸಿ. ಪುರೋಹಿತರ ಮಂತ್ರ ಅವರಿಗೂ ದೇವರಿಗೂ ನಡುವಿನ ವ್ಯವಹಾರ. ನಾವು ಮೂರನೇ ಸಾಲಿನ ಕುರ್ಚಿಯಲ್ಲಿ ಶೇಂಗಾ ರೇಟು ಮಾತಾಡುತ್ತಿರುತ್ತೇವೆ. ತಾಳಿ ಕಟ್ಟುವ ಗಳಿಗೆಯಲ್ಲಿ ಕೆಟ್ಟ ಮಾತೊಂದು ಯಾರ ಕಿವಿಗೂ ಬೀಳದಿರಲಿ ಎಂದು ಗಟ್ಟಿಮೇಳ ಬಾರಿಸುತ್ತಾರೆ. ಕೆಟ್ಟ ಮಾತಿನ ಜೊತೆ ಒಳ್ಳೆಯ ಮಾತೂ ಅದರಡಿ ಮುಚ್ಚಿಹೋಗುತ್ತದೆ. ಮಂತ್ರ ಮಾಂಗಲ್ಯದಲ್ಲಿ ಆ ಹೊದಿಕೆ ಇಲ್ಲ. ಮಗು ಅತ್ತರೆ ಕೇಳಿಸುತ್ತದೆ, ಮದುಮಗನ ಗಂಟಲು ಒಣಗಿದರೆ ಅದೂ ಕೇಳಿಸುತ್ತದೆ.

ವಿಧಿಯ ಹಿನ್ನೆಲೆ ಬಹಳ ಜನಕ್ಕೆ ಗೊತ್ತು, ಆದರೂ ಒಂದು ಮಾತು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಗಾಗಿ ಕುವೆಂಪು ಇದನ್ನು ರೂಪಿಸಿದರು. ವರದಕ್ಷಿಣೆ, ಜಾತಕ, ರಾಹುಕಾಲ, ಆಡಂಬರ ಎಲ್ಲಕ್ಕೂ ರಜೆ. ಉಪನಿಷತ್ತು ಮೊದಲಾದ ಕಡೆಗಳಿಂದ ಆಯ್ದ ಮಂತ್ರಗಳು, ಅವಕ್ಕೆ ಕನ್ನಡದ ಅರ್ಥ, ಕೊನೆಗೆ ಗಂಡು ಹೆಣ್ಣು ತಾವೇ ಹೇಳುವ ಪ್ರತಿಜ್ಞೆ. 1980ರಲ್ಲಿ ಹುಟ್ಟಿದ ರೈತಸಂಘ ಇದನ್ನು ಹಸಿರು ಶಾಲಿನ ಜೊತೆ ಹಳ್ಳಿಹಳ್ಳಿಗೆ ಒಯ್ದಿತು. ನಮ್ಮ ಸೀಮೆಯವರಿಗೆ ಕುವೆಂಪು ದೂರದವರೂ ಅಲ್ಲ. ಅವರು 'ಶ್ರೀರಾಮಾಯಣದರ್ಶನಂ' ಅರ್ಪಿಸಿದ್ದು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ, ಚಳ್ಳಕೆರೆ ತಾಲ್ಲೂಕಿನ ತಳುಕಿನವರಿಗೆ. ತಳುಕಿನ ಕಡೆ ಮದುವೆ ಇದ್ದರೆ ಈ ಸಂಗತಿ ಹೇಳಿಯೇ ಪುಸ್ತಕ ತೆರೆಯುತ್ತೇನೆ. ಹಿರಿಯರ ಬಿಗಿದ ಮುಖ ಸ್ವಲ್ಪ ಸಡಿಲವಾಗುತ್ತದೆ.

ಈಗ ಕೂರುವ ವಿಷಯ. ಮುಂದೆ ಕೂತುಕೊಳ್ಳಿ. ಇಲ್ಲಿ ಮಳೆ ಕಡಿಮೆ, ಗಾಳಿ ಜಾಸ್ತಿ. ಶಾಮಿಯಾನ ಪಟಪಟ ಬಡಿದುಕೊಳ್ಳುವಾಗ ಹಿಂದಿನ ಸಾಲಿಗೆ ಮೈಕಿನಲ್ಲಿ ಬರುವುದು ಬರೀ ಬುಸುಗುಟ್ಟುವ ಸದ್ದು. ಬಿಸಿಲು ಇಳಿದ ಮೇಲೆ, ಸಂಜೆ ಐದರ ಸುಮಾರಿಗೆ ಶುರು ಮಾಡುವುದು ನನ್ನ ರೂಢಿ. ಮುಹೂರ್ತ ಯಾವುದು ಎಂದು ಕೇಳಿದ ಅಜ್ಜನಿಗೆ "ನೆರಳು ಬಿದ್ದ ಹೊತ್ತು" ಎಂದಿದ್ದೆ, ಅವರು ಒಪ್ಪಿದರು. ಗಂಡು ಹೆಣ್ಣು ಕೂರುವುದು ಚಳ್ಳಕೆರೆಯ ಕೈಮಗ್ಗದ ಕರಿ ಕಂಬಳಿಯ ಮೇಲೆ. ಅಲಂಕಾರದ ಕುರ್ಚಿಗಳನ್ನು ನಾನು ಒಪ್ಪುವುದಿಲ್ಲ. ಕಂಬಳಿ ಹಾಸಿ ಗದ್ದುಗೆ ಮಾಡುವುದು ಈ ಕಡೆಯ ಎಷ್ಟೋ ಕುಲಗಳಿಗೆ ದೇವರ ಕೆಲಸ. ಕಂಬಳಿ ಕಂಡೊಡನೆ ಹಳಬರು ತಾವಾಗಿ ಚಪ್ಪಲಿ ಬಿಡುತ್ತಾರೆ, ಯಾರೂ ಹೇಳಬೇಕಿಲ್ಲ. ಅದರ ಮೇಲೆ ಮೊಳಕಾಲ್ಮೂರು ರೇಷ್ಮೆ ಸೀರೆ. ಒಡಲಿಗೊಂದು ಬಣ್ಣ, ಅಂಚಿಗೆ ಅದಕ್ಕೆ ಎದುರಾದ ಇನ್ನೊಂದು. ಒರಟು ಉಣ್ಣೆಯ ಮೇಲೆ ಆ ರೇಷ್ಮೆ ಕಾಣುವ ಪರಿ ಇದೆಯಲ್ಲ, ಅದು ಸಾವಿರ ರೂಪಾಯಿಯ ಹೂವಿನ ಹಂದರಕ್ಕೆ ಬರುವುದಿಲ್ಲ. ನೋಡಲು ಇಷ್ಟು ಸಾಕು. ಇನ್ನು ಕಿವಿ.

ಮಂತ್ರ ಓದುವಾಗ ಅರ್ಥಕ್ಕೆ ಕಾಯಿರಿ, ಅವಸರ ಬೇಡ. ಸಂಸ್ಕೃತದ ಸಾಲು ಬಂದು ಹೋಗುತ್ತದೆ, ಹಿಂದೆಯೇ ಕನ್ನಡ ಬರುತ್ತದೆ. ಒಳ್ಳೆಯ ಓದುಗ ಎರಡರ ನಡುವೆ ಒಂದು ಉಸಿರು ಬಿಡುತ್ತಾನೆ. ಗಡಿಬಿಡಿಯಲ್ಲಿ ಓದುವವನು ಎರಡನ್ನೂ ಕೆಡಿಸುತ್ತಾನೆ. ಓದುಗನನ್ನು ಅಳೆಯಲು ಆ ಉಸಿರೇ ಸಾಕು, ನನ್ನನ್ನೂ ಅದರಿಂದಲೇ ಅಳೆಯಿರಿ. ಮೊಳಕಾಲ್ಮೂರಿನ ಪೂರ್ವಕ್ಕೂ ಉತ್ತರಕ್ಕೂ ಆಂಧ್ರ, ರಾಯದುರ್ಗದ ಕಡೆಯ ನೆಂಟರಿಲ್ಲದ ಮನೆ ಅಪರೂಪ. ಇಲ್ಲಿನ ದನಗಾಹಿ ಬುಡಕಟ್ಟಾದ ಮ್ಯಾಸನಾಯಕರ ಎಷ್ಟೋ ಮನೆಗಳಲ್ಲಿ ಒಳಮಾತೇ ತೆಲುಗು. ಹಾಗಾಗಿ ಮುಖ್ಯವಾದ ಕಡೆ ತೆಲುಗಿನಲ್ಲೂ ಒಂದೊಂದು ಮಾತು ಹೇಳುತ್ತೇನೆ. ನನ್ನ ತೆಲುಗು ಕೇಳಿ ಮುದುಕಿಯರು ನಗುತ್ತಾರೆ. ನಗಲಿ, ಕೇಳಿದರು ತಾನೆ.

ಪ್ರತಿಜ್ಞೆ ಇದರ ಎದೆ. ಮನುಷ್ಯರಲ್ಲಿ ಮೇಲು ಕೀಳಿಲ್ಲ, ಹೆಣ್ಣು ಗಂಡಿನ ಅಡಿಯಾಳಲ್ಲ ಎಂಬರ್ಥದ ಮಾತುಗಳು ಅದರಲ್ಲಿ ಬರುತ್ತವೆ. ಇವನ್ನು ನಾನು ತುಂಡುತುಂಡಾಗಿ ಹೇಳಿಕೊಟ್ಟು ಹೇಳಿಸುವುದಿಲ್ಲ, ಓದು ಬರದವರಿದ್ದರೆ ಮಾತ್ರ ಆ ದಾರಿ. ಹಿಂದಿನ ದಿನವೇ ಕೈಗೆ ಕೊಟ್ಟು, ಒಬ್ಬರಿಗೊಬ್ಬರು ಓದಿ ತೋರಿಸಿ ಎನ್ನುತ್ತೇನೆ. ಮದುವೆಯ ಹೊತ್ತಿಗೆ ಅದು ಅವರದೇ ದನಿಯಾಗಿರುತ್ತದೆ. ಸಮಾನತೆಯ ಸಾಲಿಗೆ ಬಂದಾಗ ಮದುಮಗನ ದನಿ ಏರುತ್ತದೋ ಇಳಿಯುತ್ತದೋ ಗಮನಿಸಿ. ಆ ಹೊತ್ತಿಗೆ ಅವನ ಅಪ್ಪನ ಮುಖ ನೋಡುವುದನ್ನೂ ಮರೆಯಬೇಡಿ. ಊರಿನ ನಡುವೆ, ಕುಲದ ಯಜಮಾನರ ಎದುರಿಗೆ, ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ತಾನು ಯಾರ ಸೊತ್ತೂ ಅಲ್ಲ ಎಂದು ಮೈಕಿನಲ್ಲಿ ಹೇಳುವುದು ಈ ನೆಲದಲ್ಲಿ ಸಣ್ಣ ಮಾತಲ್ಲ. ಆಗ ಚಪ್ಪಾಳೆ ಹೊಡೆಯಬೇಡಿ. ಚಪ್ಪಾಳೆ ಆ ಮಾತನ್ನು ಕಾರ್ಯಕ್ರಮ ಮಾಡಿಬಿಡುತ್ತದೆ.

ಇಷ್ಟಾದ ಮೇಲೆ ನನ್ನ ಕೆಲಸ ಮುಗಿಯಿತು, ಹೆಂಗಸರದು ಶುರು. ಮಂತ್ರ ಮಾಂಗಲ್ಯವನ್ನು ಬರೀ ಭಾಷಣವಾಗಿ ನಡೆಸುವವರಿದ್ದಾರೆ. ನನಗೆ ಅದು ಒಪ್ಪಿತವಲ್ಲ. ಸರಳ ಅಂದರೆ ಒಣಕಲು ಅಂತಲ್ಲ. ಹೆಂಗಸರು ಹಾಡುವ ಸೋಬಾನೆ ಪದ ಇಲ್ಲದ ಮದುವೆ ಈ ಸೀಮೆಯಲ್ಲಿ ಮದುವೆಯೇ ಅಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಬಾರದವರು, ಸಾವಿರಾರು ಪದಗಳನ್ನು ನೆನಪಿನಲ್ಲೇ ಹೊತ್ತಿದ್ದವರು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅವರಿಂದ ಹಾಡಿಸಿ ಬರೆದುಕೊಂಡ ಪದಗಳು ಪುಸ್ತಕವಾಗಿವೆ. ಆ ಪುಸ್ತಕ ಓದಿ ಬನ್ನಿ ಎನ್ನುವುದಿಲ್ಲ, ಆದರೆ ಹಾಡುವವರು ಕೂತ ಕಡೆ ಹೋಗಿ ಕೂರಿ.

ಅವರು ಹಾಡುವ ತ್ರಿಪದಿ ಪುಸ್ತಕದಲ್ಲಿ ಮೂರು ಸಾಲು. ಬಾಯಲ್ಲಿ ಹಾಗಲ್ಲ. ಮುಂದಾಳು ಒಂದು ಸಾಲು ಎತ್ತುತ್ತಾಳೆ, ಹಿಮ್ಮೇಳದವರು ಅದನ್ನೇ ಹಿಡಿಯುತ್ತಾರೆ. ಎರಡನೆಯ ಸಾಲು ಹಾಡಿದ ಮೇಲೆ ಅದರದೇ ತುಂಡೊಂದನ್ನು ಮತ್ತೆ ಹೇಳಿ, ಆಮೇಲೆ ಮೂರನೆಯದಕ್ಕೆ ಇಳಿಯುತ್ತಾರೆ. ಸ್ವಾರಸ್ಯ ಇರುವುದು ಆ ಮರುಕಳಿಸುವ ತುಂಡಿನಲ್ಲಿ. ಮುಂದಾಳುವಿಗೆ ಅದು ಯೋಚಿಸುವ ಸಮಯ. ಮುಂದಿನ ಪದದಲ್ಲಿ ಯಾವ ದೇವರನ್ನು ತರಬೇಕು, ಮದುಮಗಳ ಸೋದರಮಾವನ ಹೆಸರನ್ನು ಎಲ್ಲಿ ಸೇರಿಸಬೇಕು, ಎಲ್ಲವನ್ನೂ ಅವಳು ಅಲ್ಲೇ ನೇಯುತ್ತಾಳೆ. ಹಿಮ್ಮೇಳ ಎಳೆಯುವಾಗ ಅವಳ ಕಣ್ಣು ಎಲ್ಲಿದೆ ನೋಡಿ. ಯಾರ ಮೇಲೆ ನಿಂತಿದೆಯೋ ಅವರ ಹೆಸರು ಮುಂದಿನ ಪದದಲ್ಲಿ ಬಂತು ಅಂತಲೇ ತಿಳಿಯಿರಿ. ಬೀಗರ ಪದಕ್ಕೆ ಬಂದಾಗಲಂತೂ ಹುಷಾರು. ಗಂಡಿನ ಕಡೆಯವರ ಬೊಜ್ಜು, ಬೋಳುತಲೆ, ಜಿಪುಣತನ ಯಾವುದಕ್ಕೂ ಮಾಫಿ ಇಲ್ಲ. ಬೇಸರ ಮಾಡಿಕೊಂಡವನಿಗೆ ಇನ್ನೆರಡು ಪದ ಹೆಚ್ಚು ಬೀಳುತ್ತವೆ. ಮಂತ್ರ ಓದಿದ ಮೇಷ್ಟ್ರನ್ನೂ ಬಿಟ್ಟವರಲ್ಲ. ದಕ್ಷಿಣೆ ಇಲ್ಲದ ಪುರೋಹಿತ ಊಟಕ್ಕೆ ಎರಡು ಎಲೆ ಹಾಕಿಸಿಕೊಂಡ ಎಂಬರ್ಥದ ಪದ ನನ್ನ ಮೇಲೂ ಬಿದ್ದಿದೆ.

ಪುರೋಹಿತರಿಲ್ಲದ ಮದುವೆ ಇಲ್ಲಿಗೆ ಹೊಸದೇನಲ್ಲ ಎಂಬುದನ್ನೂ ಬಂದವರು ತಿಳಿದಿರಬೇಕು. ಕುರಿ ಸಾಕುವ ಕಾಡುಗೊಲ್ಲರ ಹಟ್ಟಿಗಳಲ್ಲಿ, ಮ್ಯಾಸನಾಯಕರ ಹಳ್ಳಿಗಳಲ್ಲಿ ಕುಲದ ಹಿರಿಯರೇ ನಿಂತು ಧಾರೆ ಎರೆಸುವ ರೂಢಿ ಕುವೆಂಪು ಅವರಿಗಿಂತ ಎಷ್ಟೋ ಹಿಂದಿನದು. ಹಾಗೆಂದು ಅದನ್ನು ಕಂಡು ಕರಗಿಬಿಡಬೇಡಿ. ಪುರೋಹಿತರಿಲ್ಲ ಅಂದಮಾತ್ರಕ್ಕೆ ಕಟ್ಟಳೆ ಇಲ್ಲವೆಂದಲ್ಲ. ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇಡುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಗಂಡ ಸತ್ತವರು ಹಸೆಯ ಹತ್ತಿರ ಸುಳಿಯುವಂತಿಲ್ಲ. ನಾನು ಹಾಕುವ ಷರತ್ತು ಒಂದೇ. ಹಾರವನ್ನು ಕೈಗೆ ಕೊಡುವವರು ತಾಯಂದಿರು, ಅವರಿಗೆ ಕುಂಕುಮ ಇರಲಿ ಇಲ್ಲದಿರಲಿ. ಮೊದಲಿಗೆ ಗುಸುಗುಸು ಆಗುತ್ತದೆ. ಬರಿ ಹಣೆಯ ತಾಯಿಯೊಬ್ಬಳು ನಡುಗುವ ಕೈಯಲ್ಲಿ ಹಾರ ಎತ್ತಿಕೊಟ್ಟಾಗ ಗುಸುಗುಸು ನಿಂತದ್ದನ್ನೂ ಕಂಡಿದ್ದೇನೆ, ನಿಲ್ಲದೆ ಎದ್ದುಹೋದವರನ್ನೂ ಕಂಡಿದ್ದೇನೆ.

ಸರಳ ಮದುವೆಯ ಮಾತಿಗೆ ಈ ಸೀಮೆಯಲ್ಲಿ ಇನ್ನೂ ಹಳೆಯ ಸಾಕ್ಷಿ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರುಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ತಂದೆ ತಾಯಿಯ ಮಾತು ಕೇಳು, ಜೀವಗಳಲ್ಲಿ ದಯೆ ಇರಲಿ, ಸತ್ಯ ಹೇಳು ಎಂದು ಅವುಗಳ ಸಾರ. ಮದುವೆಯಲ್ಲಿ ಓದಲು ಇದಕ್ಕಿಂತ ಹತ್ತಿರದ ಪಾಠ ಎಲ್ಲಿ ಸಿಕ್ಕೀತು? ಅದೇ ಅಶೋಕ ಒಂಬತ್ತನೆಯ ಬಂಡೆಶಾಸನದಲ್ಲಿ, ಮದುವೆ ಮುಂಜಿಗಳಲ್ಲಿ ಜನ ಬಗೆಬಗೆಯ ಮಂಗಳಕಾರ್ಯ ಮಾಡುತ್ತಾರೆ, ಹೆಂಗಸರಂತೂ ಹುರುಳಿಲ್ಲದ್ದನ್ನು ಬೇಕಾದಷ್ಟು ಮಾಡುತ್ತಾರೆ, ಫಲ ಕಡಿಮೆ ಎಂಬರ್ಥದ ಮಾತಾಡಿದ್ದಾನೆ. ಆ ಶಾಸನ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಯ ಮೇಲೂ ಇದೆ, ನಮಗೇನು ಬಹಳ ದೂರವಲ್ಲ. ಆಡಂಬರದ ವಿಷಯದಲ್ಲಿ ನಾನು ಚಕ್ರವರ್ತಿಯ ಕಡೆ. ಹೆಂಗಸರ ವಿಷಯದಲ್ಲಿ ಅಲ್ಲ. ನಮ್ಮ ಕಡೆಯ ಸೋಬಾನೆಯವರ ಕೈಗೆ ಸಿಕ್ಕಿದ್ದರೆ ಅಶೋಕನಿಗೂ ಒಂದು ಬೀಗರ ಪದ ತಪ್ಪುತ್ತಿರಲಿಲ್ಲ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಮಂತ್ರ ಮಾಂಗಲ್ಯವೊಂದನ್ನೇ ನಂಬಿ ಕೂರಬೇಡಿ ಎಂದು ಪ್ರತಿ ಜೋಡಿಗೂ ಹೇಳುತ್ತೇನೆ. ತಮಿಳುನಾಡಿನಲ್ಲಿ ಅಣ್ಣಾದೊರೈ ಸರ್ಕಾರ ಹಿಂದೂ ವಿವಾಹ ಕಾಯ್ದೆಗೆ 7ಎ ಕಲಮು ಸೇರಿಸಿ ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ಮಾನ್ಯತೆ ಕೊಟ್ಟಿತು. ಸ್ಕಾಟ್‌ಲೆಂಡಿನಲ್ಲಿ 2005ರಿಂದ ದೇವರ ಹೆಸರಿಲ್ಲದ ಮಾನವತಾವಾದಿ ಮದುವೆಗಳಿಗೂ ಕಾನೂನಿನ ಬೆಲೆ ಇದೆ. ನಮ್ಮಲ್ಲಿ ಗಟ್ಟಿ ದಾರಿ ಎಂದರೆ 1954ರ ವಿಶೇಷ ವಿವಾಹ ಕಾಯ್ದೆ. ಮೂವತ್ತು ದಿನದ ನೋಟಿಸು, ಮೂವರು ಸಾಕ್ಷಿಗಳು. ಬೇರೆ ಜಾತಿಯ ಜೋಡಿಗಳಿಗೆ ಆ ಮೂವತ್ತು ದಿನವೇ ಭಯದ ದಿನಗಳು. ಆದರೂ ನೋಂದಣಿ ಮೊದಲು, ಕಂಬಳಿ ಆಮೇಲೆ.

ಊಟದ ಸಾಲಿಗೆ ಬಂದಾಗ ಮುದ್ದೆ, ಶೇಂಗಾ ಹೋಳಿಗೆ ಬಿಡಬೇಡಿ. ಮಾಂಸದೂಟ ಇದ್ದರೆ ಸಾಮಾನ್ಯವಾಗಿ ಕುರಿಯದು. ಮ್ಯಾಸನಾಯಕರ ಹಳೆಯ ಕಟ್ಟಳೆಯಲ್ಲಿ ಕೋಳಿ ನಿಷಿದ್ಧ, ಹಾಗಾಗಿ "ಚಿಕನ್ ಇಲ್ವಾ?" ಎಂದು ಗಟ್ಟಿಯಾಗಿ ಕೇಳಿ ಮುಜುಗರ ತರಬೇಡಿ. ಫೋಟೋದವನು "ಇನ್ನೊಂದ್ಸಲ ಹಾರ ಹಾಕಿ" ಎಂದು ಜೋಡಿಯನ್ನು ಎಬ್ಬಿಸಲು ನೋಡುತ್ತಾನೆ, ನೀವು ಅವನ ಕಡೆ ಸೇರಬೇಡಿ. ಕತ್ತಲಾದ ಮೇಲೆ ಉರುಮೆ ಬರುತ್ತದೆ. ಎರಡು ಮುಖದ ಆ ವಾದ್ಯದ ಒಂದು ಕಡೆ ಬಡಿತ, ಇನ್ನೊಂದು ಕಡೆ ಕೋಲು ಉಜ್ಜಿದಾಗ ಹೊರಡುವ ಗುಟುರು. ದೇವರ ಹೆಸರಿಗೆ ಬಿಟ್ಟ ಎತ್ತುಗಳ ಮುಂದೆ, ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಅದರ ಸದ್ದಿಗೆ ಕುಣಿದ ಹುಡುಗರೇ ಇಲ್ಲೂ ಕುಣಿಯುತ್ತಾರೆ. ಉರುಮೆಯವರನ್ನು ಕೊನೆಯ ಪಂಕ್ತಿಗೆ ಕೂರಿಸುವ ಹಳೇ ಚಾಳಿ ಇದೆ. ಸಮಾನತೆಯ ಪ್ರತಿಜ್ಞೆ ಕೇಳಿದ ಸಂಜೆಯೇ ಅದು ನಡೆಯಬಾರದೆಂದು ಅವರನ್ನು ಮದುಮಕ್ಕಳ ಪಂಕ್ತಿಯಲ್ಲೇ ಕೂರಿಸಿ ಎಂದು ಮೊದಲೇ ಮಾತು ಪಡೆದಿರುತ್ತೇನೆ. ಎಲ್ಲ ಮನೆಯವರೂ ಮಾತು ಉಳಿಸಿಕೊಳ್ಳುವುದಿಲ್ಲ. ಜಾಗ ಬಿಡದಿದ್ದ ಕಡೆ ನಾನೂ ಆ ಪಂಕ್ತಿಯಿಂದ ಎದ್ದು, ಅವರ ಜೊತೆ ಕೊನೆಯದರಲ್ಲಿ ಉಂಡು ಬರುತ್ತೇನೆ. ನೀವು ಬಂದಿದ್ದರೆ ನಿಮಗೂ ಅಲ್ಲಿ ಜಾಗ ಹಿಡಿದಿರುತ್ತೇನೆ.